ನೆಲ ಮುಳುಗಿದರೂ ಉತಾರ ಉಳಿಯುತ್ತದೆಯೇ? ಏರುತ್ತಿರುವ ಕಡಲು ಮತ್ತು ದೇಶಗಳ ಗಡಿ

ಸಮುದ್ರ ಮತ್ತು ಹವಾಮಾನಕ್ಕೆ ಸಂಬಂಧಿಸಿದ ಮೂರು ದೊಡ್ಡ ಸುದ್ದಿಗಳು ಹತ್ತಿರ ಹತ್ತಿರದಲ್ಲೇ ಬಂದು ಓದುಗರನ್ನು ಗೊಂದಲಕ್ಕೆ ಕೆಡವಿವೆ. 2024ರ ಮೇ 21ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಅಂತರರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿಯು ಕಾರ್ಖಾನೆ, ವಾಹನಗಳಿಂದ ಹೊರಬೀಳುವ ಹಸಿರುಮನೆ ಅನಿಲಗಳು ಸಮುದ್ರದ ಮಾಲಿನ್ಯವೇ ಆಗಿವೆ ಎಂದಿತು. 2025ರ ಜುಲೈ 23ರಂದು ನೆದರ್ಲೆಂಡ್ಸ್‌ನ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು ಹವಾಮಾನವನ್ನು ಕಾಪಾಡುವುದು ಎಲ್ಲ ದೇಶಗಳ ಕಾನೂನುಬದ್ಧ ಕರ್ತವ್ಯ ಎಂದು ಒಮ್ಮತದಿಂದ ಹೇಳಿತು. 2026ರ ಜನವರಿ 17ರಂದು, ಯಾವ ದೇಶಕ್ಕೂ ಸೇರದ ದೂರದ ಕಡಲಿನ ಜೀವವೈವಿಧ್ಯವನ್ನು ರಕ್ಷಿಸುವ ಹೊಸ ಒಪ್ಪಂದ ಜಾರಿಗೆ ಬಂದಿತು.

ಒಂದು ತಲೆಬರಹ 'ಹೊಗೆ ಉಗುಳಿದ ದೇಶಗಳು ಪರಿಹಾರ ಕೊಡಬೇಕು' ಎಂದರೆ, ಮರುದಿನದ ತಲೆಬರಹ 'ಇದು ಬರೀ ಸಲಹೆ, ಆದೇಶವಲ್ಲ' ಎನ್ನುತ್ತದೆ. 'ಮುಳುಗಿದ ದೇಶವೂ ದೇಶವೇ' ಎಂಬ ಇನ್ನೊಂದು ಸಾಲು ಇವೆರಡರ ನಡುವೆ ಕಾಣಿಸಿ ಮರೆಯಾಗುತ್ತದೆ. ಕಡಲಿನ ಗಡಿರೇಖೆಗಳ ಬಗ್ಗೆ ಹೇಗ್ ನ್ಯಾಯಾಲಯ ಆಡಿರುವುದು ಕೆಲವೇ ಮಾತು. ಪರಿಹಾರದ ಗದ್ದಲದಲ್ಲಿ ಅದನ್ನು ಹೆಚ್ಚಿನವರು ಗಮನಿಸಲಿಲ್ಲ. ಆದರೆ ಮುಂದಿನ ದಶಕಗಳಲ್ಲಿ ಲಕ್ಷಾಂತರ ಚದರ ಕಿಲೋಮೀಟರ್ ಸಮುದ್ರದ ಒಡೆತನ ನಿಂತಿರುವುದು ಆ ಮಾತಿನ ಮೇಲೆಯೇ. ಹಾಗಾಗಿ ಈ ಲೇಖನ ಮುಖ್ಯವಾಗಿ ಆ ಸಣ್ಣ ಭಾಗದ ಕುರಿತಾದದ್ದು.

ಕಡಲನ್ನು ಅಳೆಯುವುದು ದಡದಿಂದ

ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಿಗೆ ಕಡಲ ತೀರವಿಲ್ಲ. ಆದರೂ ಸಮುದ್ರ ಕಾನೂನಿನ ಅಳತೆಗಳನ್ನು ಇಲ್ಲಿನ ದಾರಿಗಳಿಂದಲೇ ಕಲ್ಪಿಸಿಕೊಳ್ಳಬಹುದು. ಕರಾವಳಿಯಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ನೀರು ಆ ದೇಶದ ನೆಲದಷ್ಟೇ ಸ್ವಂತದ್ದು. ಅದು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇರುವಷ್ಟು ದೂರ. ಅಲ್ಲಿಂದಾಚೆಗೆ 200 ನಾಟಿಕಲ್ ಮೈಲಿನವರೆಗಿನದು ವಿಶೇಷ ಆರ್ಥಿಕ ವಲಯ. ಸುಮಾರು 370 ಕಿಲೋಮೀಟರ್ ಆಗುವ ಈ ದೂರ ಹುಬ್ಬಳ್ಳಿಯಿಂದ ಬೆಂಗಳೂರಿನ ಹಾದಿಗೆ ತುಸುವೇ ಕಡಿಮೆ. ಈ ವಲಯದಲ್ಲಿ ಯಾರ ಹಡಗು ಬೇಕಾದರೂ ಸಂಚರಿಸಬಹುದು, ಆದರೆ ಮೀನು, ತೈಲ, ಅನಿಲ, ಖನಿಜಗಳ ಮೇಲಿನ ಹಕ್ಕು ತೀರದ ದೇಶದ್ದು. 1982ರಲ್ಲಿ ಜಮೈಕಾದ ಮಾಂಟೆಗೊ ಬೇಯಲ್ಲಿ ಸಹಿಯಾಗಿ 1994ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಈ ಲೆಕ್ಕವನ್ನು ಗೊತ್ತುಮಾಡಿತು. ಭಾರತ 1995ರಲ್ಲಿ ಅದನ್ನು ಅನುಮೋದಿಸಿತು.

ಇಷ್ಟು ಅಳತೆಗಳಿಗೂ ಬುಡ ಒಂದೇ. ಇಳಿತದ ಹೊತ್ತಿನಲ್ಲಿ ನೀರು ದಡವನ್ನು ಮುಟ್ಟುವ ಅಂಚನ್ನು ಆಯಾ ದೇಶ ತನ್ನ ಅಧಿಕೃತ ನಕ್ಷೆಯಲ್ಲಿ ಗುರುತಿಸುತ್ತದೆ. ಅದಕ್ಕೆ ಆಧಾರ ರೇಖೆ ಎಂದು ಹೆಸರು. 12 ಮೈಲೂ 200 ಮೈಲೂ ಅಲ್ಲಿಂದಲೇ ಎಣಿಕೆಯಾಗುತ್ತವೆ. ಒಪ್ಪಂದವನ್ನು ಬರೆದವರ ಕಾಲದಲ್ಲಿ ದಡವೆಂದರೆ ಹೆಚ್ಚುಕಡಿಮೆ ಸ್ಥಿರವಾದದ್ದು. ನದಿಮುಖಜ ಭೂಮಿಯಂತಹ ಅಸ್ಥಿರ ತೀರಗಳಿಗೆ ಮಾತ್ರ ಅವರು ಒಂದು ವಿನಾಯಿತಿ ಕೊಟ್ಟರು. ಇಡೀ ಜಗತ್ತಿನ ಸಮುದ್ರವೇ ಏರಿದರೆ ಏನು ಮಾಡಬೇಕೆಂಬುದಕ್ಕೆ ಒಪ್ಪಂದದಲ್ಲಿ ಒಂದು ವಾಕ್ಯವೂ ಇಲ್ಲ.

ಈಗ ಸಮುದ್ರ ಏರುತ್ತಿದೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ ಲೆಕ್ಕದಂತೆ 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ 20 ಸೆಂಟಿಮೀಟರ್ ಏರಿದೆ. 2006ರಿಂದ ಈಚೆಗೆ ಏರಿಕೆಯ ವೇಗ ವರ್ಷಕ್ಕೆ 3.7 ಮಿಲಿಮೀಟರಿಗೆ ಮುಟ್ಟಿದೆ. ಒಂದು ಗೇಣಿನಷ್ಟು ಏರಿಕೆ ಕಾರವಾರದ ಬಂಡೆಗಲ್ಲಿನ ದಡದಲ್ಲಿ ಕಣ್ಣಿಗೆ ಬೀಳದೇ ಹೋಗಬಹುದು. ಸಮುದ್ರ ಮಟ್ಟಕ್ಕಿಂತ ಎರಡು ಮೂರು ಮೀಟರ್ ಮಾತ್ರ ಎತ್ತರವಿರುವ ಹವಳದ ದ್ವೀಪದಲ್ಲಿ ಅಷ್ಟೇ ಏರಿಕೆ ಬಾವಿಯ ನೀರನ್ನು ಉಪ್ಪು ಮಾಡುತ್ತದೆ, ದಡವನ್ನು ಒಳಕ್ಕೆ ತಳ್ಳುತ್ತದೆ.

ಒಂದು ದ್ವೀಪ ಬಂಡೆಯಾದರೆ ನಷ್ಟವೆಷ್ಟು

ಸಮುದ್ರದ ನಡುವೆ ಒಂಟಿಯಾಗಿರುವ, ಜನ ಬಾಳಬಲ್ಲ ಒಂದು ಸಣ್ಣ ದ್ವೀಪವನ್ನು ಊಹಿಸಿಕೊಳ್ಳಿ. ಅದರ ಸುತ್ತ 370 ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆದರೆ ಸುಮಾರು 4 ಲಕ್ಷ 31 ಸಾವಿರ ಚದರ ಕಿಲೋಮೀಟರ್ ಸಮುದ್ರ ಸಿಗುತ್ತದೆ. ಇದು ಕರ್ನಾಟಕದ ಎರಡು ಪಟ್ಟಿಗಿಂತಲೂ ಹೆಚ್ಚು. ಸಮುದ್ರ ಕಾನೂನು ಒಪ್ಪಂದದ 121ನೇ ವಿಧಿಯ ಪ್ರಕಾರ, ಜನವಸತಿಯನ್ನಾಗಲಿ ಸ್ವಂತ ಆರ್ಥಿಕ ಬದುಕನ್ನಾಗಲಿ ತಾಳಲಾರದ ಬಂಡೆಗೆ ಆರ್ಥಿಕ ವಲಯವಿಲ್ಲ, 12 ಮೈಲು ಮಾತ್ರ. ಅದೇ ದ್ವೀಪ ಸವೆದು ಬಂಡೆಯ ಸ್ಥಿತಿಗೆ ಇಳಿದರೆ ಉಳಿಯುವುದು ಸುಮಾರು 1,550 ಚದರ ಕಿಲೋಮೀಟರ್. ಉಬ್ಬರದಲ್ಲಿ ಪೂರ್ತಿ ಮುಳುಗಿಹೋದರೆ ಅದೂ ಇಲ್ಲ. ಕೈತಪ್ಪುವ ನೆಲ ಕೆಲವು ಎಕರೆ, ಅದರ ಜೊತೆ ಕೈತಪ್ಪುವ ಸಮುದ್ರ ನಾಲ್ಕು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿದ್ದು.

ಪೆಸಿಫಿಕ್ ಸಾಗರದ ತುವಾಲು ದೇಶದ ಒಟ್ಟು ನೆಲ 26 ಚದರ ಕಿಲೋಮೀಟರ್. ಹುಬ್ಬಳ್ಳಿ-ಧಾರವಾಡ ಮಹಾನಗರದ ಒಂದು ಮೂಲೆಯಲ್ಲಿ ಅದು ಅಡಗಿಬಿಡುತ್ತದೆ. ಆದರೆ ಅದರ ಆರ್ಥಿಕ ವಲಯ ಏಳು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ನೆರೆಯ ಕಿರಿಬಾತಿಯ ನೆಲ 811 ಚದರ ಕಿಲೋಮೀಟರ್, ಧಾರವಾಡ ಜಿಲ್ಲೆಯ ಐದನೇ ಒಂದು ಪಾಲೂ ಅಲ್ಲ. ಅದರ ಆರ್ಥಿಕ ವಲಯ ಮಾತ್ರ ಭಾರತದ ಆರ್ಥಿಕ ವಲಯಕ್ಕಿಂತ ದೊಡ್ಡದು. ಆ ನೀರಿನಲ್ಲಿ ಟ್ಯೂನಾ ಮೀನು ಹಿಡಿಯಲು ದೂರದ ದೇಶಗಳ ಹಡಗುಗಳು ಕಟ್ಟುವ ಪರವಾನಗಿ ಶುಲ್ಕವೇ ಇಂತಹ ಸರ್ಕಾರಗಳ ಆದಾಯದ ದೊಡ್ಡ ಪಾಲು. ಶಾಲೆ, ಆಸ್ಪತ್ರೆ, ಕಡಲ ತಡೆಗೋಡೆ ಎಲ್ಲವೂ ನಡೆಯುವುದು ಆ ಹಣದಿಂದ. ದಡದ ಜೊತೆಗೆ ಗಡಿಯೂ ಸರಿದರೆ, ದಡ ಉಳಿಸಿಕೊಳ್ಳಲು ಬೇಕಾದ ಹಣವೇ ಮೊದಲು ಕೈಬಿಟ್ಟು ಹೋಗುತ್ತದೆ.

ಬೆಣ್ಣೆಹಳ್ಳದ ದಂಡೆಯ ಹೊಲ

ಈ ಸಮಸ್ಯೆಯ ತಿರುಳು ನಮ್ಮ ಭಾಗದ ರೈತರಿಗೆ ಹೊಸದಲ್ಲ. ಶಿಗ್ಗಾವಿ ಕಡೆ ಹುಟ್ಟಿ, ಕುಂದಗೋಳ, ನವಲಗುಂದದ ಎರೆಭೂಮಿಯನ್ನು ಹಾದು, ರೋಣ ತಾಲ್ಲೂಕಿನ ಮೆಣಸಗಿ ಬಳಿ ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳ ಮಳೆಗಾಲದಲ್ಲಿ ಉಕ್ಕಿದರೆ ದಂಡೆಯ ಹೊಲಗಳನ್ನು ಕೊರೆಯುತ್ತದೆ. ನೀರು ಇಳಿದ ಮೇಲೆ ನೋಡಿದರೆ ಒಡ್ಡು ಒಡೆದಿರುತ್ತದೆ, ಬಾಂದುಕಲ್ಲು ಕೊಚ್ಚಿಹೋಗಿ ಅದು ನಿಂತಿದ್ದ ಜಾಗದಲ್ಲಿ ಹಳ್ಳದ ಹೂಳು ಕೂತಿರುತ್ತದೆ. ಹಾಗೆಂದು ಉತಾರದಲ್ಲಿ, ಅಂದರೆ ಹೊಲದ ಹಕ್ಕಿನ ದಾಖಲೆಯಲ್ಲಿ, ಇರುವ ಎಕರೆ-ಗುಂಟೆ ತಾನಾಗಿ ಕಡಿಮೆಯಾಗುವುದಿಲ್ಲ. ರೈತ ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಭೂಮಾಪಕರು ಹಳೆಯ ಟಿಪ್ಪಣಿ ಹಿಡಿದು ಬರುತ್ತಾರೆ, ಉಳಿದ ಕಲ್ಲುಗಳಿಂದ ಅಳೆದು, ಹೋದ ಕಲ್ಲಿನ ಜಾಗವನ್ನು ಮತ್ತೆ ಗುರುತಿಸುತ್ತಾರೆ. ಕಲ್ಲು ಗಡಿಯ ಗುರುತು ಮಾತ್ರ, ಗಡಿ ಇರುವುದು ದಾಖಲೆಯಲ್ಲಿ.

ಸಮುದ್ರ ಕಾನೂನಿನ ಮುಂದಿದ್ದ ಪ್ರಶ್ನೆಯೂ ಇದೇ: ಆಧಾರ ರೇಖೆ ಇರುವುದು ದಡದಲ್ಲೋ, ನಕ್ಷೆಯಲ್ಲೋ? ಹೇಗ್ ನ್ಯಾಯಾಲಯ ಕೊಟ್ಟ ಉತ್ತರ ಹೀಗಿದೆ: ಒಪ್ಪಂದದ ನಿಯಮಗಳಿಗೆ ಅನುಸಾರವಾಗಿ ಒಂದು ದೇಶ ತನ್ನ ಸಮುದ್ರ ವಲಯಗಳ ನಕ್ಷೆಯನ್ನೋ ಅಕ್ಷಾಂಶ-ರೇಖಾಂಶಗಳ ಪಟ್ಟಿಯನ್ನೋ ಒಮ್ಮೆ ಸರಿಯಾಗಿ ಸ್ಥಾಪಿಸಿದ ಮೇಲೆ, ಸಮುದ್ರ ಏರಿಕೆಯಿಂದ ದಡ ಬದಲಾಯಿತೆಂಬ ಕಾರಣಕ್ಕೆ ಅದನ್ನು ತಿದ್ದಬೇಕೆಂಬ ಕಡ್ಡಾಯ ಅದಕ್ಕಿಲ್ಲ. ಇದರ ಜೊತೆಗೆ ನ್ಯಾಯಾಲಯ ಇನ್ನೊಂದು ಮಾತು ಹೇಳಿತು. ಒಂದು ದೇಶ ಒಮ್ಮೆ ದೇಶವೆಂದು ಸ್ಥಾಪನೆಯಾದ ಬಳಿಕ, ಅದನ್ನು ದೇಶವಾಗಿಸಿದ ಅಂಶಗಳಲ್ಲೊಂದು ಇಲ್ಲವಾದ ಮಾತ್ರಕ್ಕೆ ಅದರ ದೇಶತ್ವ ಹೋಗಲೇಬೇಕೆಂದಿಲ್ಲ.

ಹೋಲಿಕೆಯ ಮಿತಿಯನ್ನೂ ಹೇಳಬೇಕು. ಹಳ್ಳ ಕೊರೆದ ಹೊಲಕ್ಕೆ ಮುಂದೊಮ್ಮೆ ಮಣ್ಣು ಹಾಕಿ ಉಳುಮೆ ಮಾಡಬಹುದು, ಮುಳುಗಿದ ಹವಳದ ದ್ವೀಪ ಹಾಗೆ ಮರಳುವುದಿಲ್ಲ. ನ್ಯಾಯಾಲಯ ಉಳಿಸಿಕೊಟ್ಟಿರುವುದು ಸಮುದ್ರದ ಹಕ್ಕನ್ನು, ನೆಲವನ್ನಲ್ಲ.

ಸರಿಯುವ ಗೆರೆ ಬೇಕೆನ್ನುವವರು, ನಿಂತ ಗೆರೆ ಬೇಕೆನ್ನುವವರು

ಬಹುಕಾಲ ನ್ಯಾಯಪಂಡಿತರಲ್ಲಿ ಹೆಚ್ಚಿನವರ ಅಭಿಪ್ರಾಯ ಬೇರೆಯಿತ್ತು. ಸಮುದ್ರದ ಹಕ್ಕು ಹುಟ್ಟುವುದೇ ನೆಲದಿಂದ, ಆದ್ದರಿಂದ ದಡ ಹಿಂದೆ ಸರಿದರೆ ಗೆರೆಯೂ ಸರಿಯಬೇಕು ಎಂಬುದು ಅವರ ವಾದ. ದಡದ ದೇಶ ಬಿಟ್ಟುಕೊಟ್ಟ ನೀರು ಎಲ್ಲರಿಗೂ ಸೇರಿದ ಮುಕ್ತ ಸಮುದ್ರವಾಗುತ್ತದೆ, ಗೆರೆಯನ್ನು ನಿಲ್ಲಿಸಿಬಿಟ್ಟರೆ ಉಳಿದ ಜಗತ್ತಿನ ಪಾಲನ್ನು ಕಿತ್ತುಕೊಂಡಂತಾಗುತ್ತದೆ ಎಂದೂ ಅವರು ಹೇಳುತ್ತಿದ್ದರು. ಇದರ ಜೊತೆ ಒಂದು ವ್ಯಾವಹಾರಿಕ ಆತಂಕವೂ ಇತ್ತು. ಹಳೆಯ ನಕ್ಷೆಯನ್ನೇ ಹಿಡಿದುಕೊಂಡರೆ ಹೊಸದಾಗಿ ಮುಳುಗಿದ ದಿಬ್ಬಗಳಿಗೆ ಹಡಗು ತಗುಲೀತೆಂಬ ಆತಂಕ ಅದು.

ದ್ವೀಪ ದೇಶಗಳ ಉತ್ತರ ನೇರವಾದದ್ದು. ಸಮುದ್ರವನ್ನು ಏರಿಸಿದವರು ನಾವಲ್ಲ, ಏರಿಸಿದವರ ಹಡಗುಗಳಿಗೇ ನಮ್ಮ ಮೀನನ್ನು ಬಿಟ್ಟುಕೊಡು ಎನ್ನುವುದು ಯಾವ ನ್ಯಾಯ ಎಂದು ಅವು ಕೇಳಿದವು. 2021ರ ಆಗಸ್ಟ್‌ನಲ್ಲಿ ಪೆಸಿಫಿಕ್ ದ್ವೀಪ ವೇದಿಕೆಯ ನಾಯಕರು ತಮ್ಮ ಸಮುದ್ರ ವಲಯಗಳು ಏರಿಕೆಯಿಂದ ಕುಗ್ಗುವುದಿಲ್ಲವೆಂದು ಘೋಷಿಸಿದರು. ಮರುವರ್ಷ ಅಮೆರಿಕ ಕೂಡ, ತಾನು ಸಮುದ್ರ ಕಾನೂನು ಒಪ್ಪಂದದ ಸದಸ್ಯನಲ್ಲದಿದ್ದರೂ, ಸಮುದ್ರ ಏರಿಕೆಯ ನೆಪದಲ್ಲಿ ಇಂತಹ ಗೆರೆಗಳನ್ನು ಪ್ರಶ್ನಿಸುವ ಇರಾದೆ ತನಗಿಲ್ಲವೆಂದಿತು. ಅಮೆರಿಕಕ್ಕೂ ವಿಶಾಲವಾದ ಆರ್ಥಿಕ ವಲಯವಿದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ನಿಂತ ಗೆರೆಯ ನಿಯಮ ಬಡ ದ್ವೀಪಗಳನ್ನು ಕಾಯುವಂತೆಯೇ ದೊಡ್ಡ ದೇಶಗಳ ಸಮುದ್ರವನ್ನೂ ಕಾಯುತ್ತದೆ. ಅದಕ್ಕೆ ಇಷ್ಟು ಬೇಗ ಒಪ್ಪಿಗೆ ಸಿಕ್ಕಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ನನ್ನ ಅಭಿಪ್ರಾಯದಲ್ಲಿ ನಿಂತ ಗೆರೆಯ ವಾದವೇ ಗಟ್ಟಿ. ಗೆರೆ ನಿಂತರೆ ಯಾರೂ ಹೊಸದಾಗಿ ಏನನ್ನೂ ಪಡೆಯುವುದಿಲ್ಲ, ಇದ್ದದ್ದು ಇದ್ದಂತೆ ಉಳಿಯುತ್ತದೆ. ಗೆರೆ ಸರಿದರೆ ಮಾತ್ರ ಒಬ್ಬರ ಆಪತ್ತು ಇನ್ನೊಬ್ಬರ ಸಂಪತ್ತಾಗುತ್ತದೆ. ಹಡಗಿನವರ ಆತಂಕಕ್ಕೂ ಪರಿಹಾರ ಸುಲಭ. ಸಂಚಾರದ ನಕ್ಷೆಯನ್ನು ಕಾಲಕಾಲಕ್ಕೆ ತಿದ್ದಿ, ಹಕ್ಕಿನ ನಕ್ಷೆಯನ್ನು ಹಾಗೆಯೇ ಇಟ್ಟುಕೊಳ್ಳಬಹುದು.

ಇಲ್ಲಿ ಒಂದು ಷರತ್ತನ್ನು ಒತ್ತಿ ಹೇಳಬೇಕು. ರಕ್ಷಣೆ ಇರುವುದು ಒಪ್ಪಂದಕ್ಕೆ ಅನುಸಾರವಾಗಿ ಎಳೆದ ಗೆರೆಗೆ ಮಾತ್ರ. ಫಿಲಿಪ್ಪೀನ್ಸ್ ಹೂಡಿದ ಪ್ರಕರಣದಲ್ಲಿ 2016ರ ಜುಲೈ 12ರಂದು ತೀರ್ಪಿತ್ತ ಮಧ್ಯಸ್ಥಿಕೆ ಮಂಡಳಿಯು, ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ಎಳೆದುಕೊಂಡ ಒಂಬತ್ತು ತುಂಡುಗೆರೆಗಳೊಳಗಿನ ಐತಿಹಾಸಿಕ ಹಕ್ಕಿನ ವಾದಕ್ಕೆ ಕಾನೂನಿನ ಆಧಾರವಿಲ್ಲವೆಂದಿತು. ಬಂಡೆಯ ಮೇಲೆ ಮರಳು ಸುರಿದು ವಿಮಾನ ನಿಲ್ದಾಣ ಕಟ್ಟಿದರೂ ಅದು ಕಾನೂನಿನ ಕಣ್ಣಿಗೆ ದ್ವೀಪವಾಗುವುದಿಲ್ಲವೆಂದೂ ಹೇಳಿತು. ಚೀನಾ ಆ ತೀರ್ಪನ್ನು ಒಪ್ಪಿಲ್ಲ. ಆದರೆ ಈ ತೀರ್ಪನ್ನೂ ಹೇಗ್ ನ್ಯಾಯಾಲಯದ ಮಾತನ್ನೂ ಜೋಡಿಸಿ ಓದಿದರೆ ಅರ್ಥ ಸ್ಪಷ್ಟವಾಗಿದೆ: ನೆಲ ಮುಳುಗಿತೆಂದು ಸರಿಯಾದ ಹಕ್ಕು ಅಳಿಯುವುದಿಲ್ಲ, ನೆಲ ತುಂಬಿದರೆಂದು ಇಲ್ಲದ ಹಕ್ಕು ಹುಟ್ಟುವುದಿಲ್ಲ.

ಬಂಗಾಳ ಕೊಲ್ಲಿಯಲ್ಲಿ ಭಾರತ ಕಂಡ ಪಾಠ

ಭಾರತಕ್ಕೆ ಇದು ದೂರದ ಪೆಸಿಫಿಕ್‌ನ ಕಥೆಯಲ್ಲ. 1970ರ ಭೀಕರ ಚಂಡಮಾರುತದ ನಂತರ ಹರಿಯಾಭಂಗಾ ನದಿಯ ಮುಖದಲ್ಲಿ ಒಂದು ಮರಳಿನ ದ್ವೀಪ ಮೇಲೆದ್ದಿತು. ಭಾರತ ಅದನ್ನು ನ್ಯೂ ಮೂರ್ ಎಂದು ಕರೆಯಿತು, ಬಾಂಗ್ಲಾದೇಶ ದಕ್ಷಿಣ ತಾಲ್ಪಟ್ಟಿ ಎಂದಿತು. ಯಾರೂ ವಾಸವಿರದ ಆ ಮರಳುದಿಬ್ಬಕ್ಕಾಗಿ ಎರಡು ದೇಶಗಳು ದಶಕಗಳ ಕಾಲ ಜಗಳವಾಡಿದವು. 2010ರಲ್ಲಿ ಜಾದವ್‌ಪುರ ವಿಶ್ವವಿದ್ಯಾಲಯದ ಸಂಶೋಧಕರು ಅದು ಪೂರ್ತಿ ಮುಳುಗಿದೆಯೆಂದು ತಿಳಿಸಿದರು.

ಜಗಳ ಅಲ್ಲಿಗೆ ಮುಗಿಯಲಿಲ್ಲ, ಏಕೆಂದರೆ ಎರಡೂ ದೇಶಗಳ ನಡುವೆ ಸಮುದ್ರದ ಗಡಿ ಇನ್ನೂ ನಿಗದಿಯಾಗಿರಲಿಲ್ಲ. ಮಧ್ಯಸ್ಥಿಕೆ ಮಂಡಳಿಯ ಮುಂದೆ ಭಾರತ ಆ ದ್ವೀಪವನ್ನು ಅಳತೆಯ ಬಿಂದುವಾಗಿ ಬಳಸಬೇಕೆಂದು ಕೇಳಿತು. ಮಂಡಳಿಯ ಸದಸ್ಯರು ಸ್ಥಳಕ್ಕೇ ಹೋಗಿ ನೋಡಿ ಬಂದಿದ್ದರು, ಅದು ಅಳತೆಯ ಬಿಂದುವಾಗಲು ತಕ್ಕದ್ದಲ್ಲವೆಂದು ತಳ್ಳಿಹಾಕಿದರು. ಬಾಂಗ್ಲಾದೇಶದ ವಾದ ಇನ್ನೊಂದು ತುದಿಯದು: ಹವಾಮಾನ ಬದಲಾವಣೆಯಿಂದ ಈ ತೀರವೇ ಮುಂದೆ ಬದಲಾಗುವುದರಿಂದ ಇಂದಿನ ದಡದ ಬಿಂದುಗಳನ್ನು ನಂಬಬಾರದು. ಅದನ್ನೂ ಮಂಡಳಿ ಒಪ್ಪಲಿಲ್ಲ. ಮುಂದೆ ಆಗಬಹುದಾದ ಬದಲಾವಣೆಯ ಹೆಸರಿನಲ್ಲಿ, ಜಗತ್ತಿನಾದ್ಯಂತ ಈಗಾಗಲೇ ಇತ್ಯರ್ಥವಾಗಿರುವ ಸಮುದ್ರ ಗಡಿಗಳನ್ನು ಅಲುಗಾಡಿಸಲಾಗದು ಎಂಬುದು ಅದರ ನಿಲುವಾಗಿತ್ತು. 2014ರ ಜುಲೈ 7ರ ಆ ತೀರ್ಪಿನಲ್ಲಿ, ವಿವಾದದಲ್ಲಿದ್ದ 25,602 ಚದರ ಕಿಲೋಮೀಟರ್ ಪೈಕಿ 19,467 ಬಾಂಗ್ಲಾದೇಶದ ಪಾಲಾಯಿತು. ಭಾರತ ಅದನ್ನು ಒಪ್ಪಿಕೊಂಡಿತು.

ಎರಡು ಸಂಗತಿಗಳು ಇಲ್ಲಿ ಸ್ಪಷ್ಟವಾಗುತ್ತವೆ. ಗಡಿ ನಿಗದಿಯಾಗುವ ದಿನ ಕಣ್ಣಿಗೆ ಕಾಣುವ ನೆಲವಷ್ಟೇ ಲೆಕ್ಕಕ್ಕೆ ಬರುತ್ತದೆ. ಒಮ್ಮೆ ನಿಗದಿಯಾದ ಮೇಲೆ ನೆಲ ಬದಲಾದರೂ ಗಡಿ ನಿಲ್ಲುತ್ತದೆ. ಆದ್ದರಿಂದ ಇನ್ನೂ ಸರ್ವೇ ಮುಗಿಸದ, ನಕ್ಷೆಯನ್ನು ವಿಶ್ವಸಂಸ್ಥೆಗೆ ಸಲ್ಲಿಸದ ದೇಶಗಳಿಗೆ ಕಾಲ ಓಡುತ್ತಿದೆ.

ಲಕ್ಷದ್ವೀಪವನ್ನೇ ನೋಡಿ. 32 ಚದರ ಕಿಲೋಮೀಟರ್ ನೆಲದ ಆ ದ್ವೀಪಸಮೂಹ ಭಾರತಕ್ಕೆ ಸುಮಾರು 4 ಲಕ್ಷ ಚದರ ಕಿಲೋಮೀಟರ್ ಆರ್ಥಿಕ ವಲಯವನ್ನು ಕೊಟ್ಟಿದೆ. ಅಲ್ಲಿನ ಬಂಗಾರಂ ಹವಳವೃತ್ತದ ಪರಳಿ ಎಂಬ ನಿರ್ಜನ ದ್ವೀಪಗಳಲ್ಲೊಂದು ಸವೆದು ಇಲ್ಲವಾಗಿದೆ. ಹೀಗಿರುವಾಗ ನಿಂತ ಗೆರೆಯ ನಿಯಮ ಭಾರತದ ಸ್ವಂತ ಹಿತಕ್ಕೂ ಬೇಕಾದದ್ದೇ.

ಸಲಹೆಗೆ ಎಷ್ಟು ತೂಕ

'ಬರೀ ಸಲಹೆ' ಎಂಬ ಮಾತಿಗೆ ಬರೋಣ. ವನುವಾಟು ದೇಶದ ಮುಂದಾಳತ್ವದಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2023ರ ಮಾರ್ಚ್ 29ರಂದು ಕೇಳಿದ ಪ್ರಶ್ನೆಗೆ ಉತ್ತರವಾಗಿ ಹೇಗ್ ನ್ಯಾಯಾಲಯ 2025ರಲ್ಲಿ ಕೊಟ್ಟ ಸಲಹಾ ಅಭಿಪ್ರಾಯ ಇದು. ಈ ಬೇಡಿಕೆ ಮೊದಲು ಹೊರಟದ್ದು 2019ರಲ್ಲಿ ಪೆಸಿಫಿಕ್‌ನ ಕಾನೂನು ವಿದ್ಯಾರ್ಥಿಗಳ ಒಂದು ತರಗತಿಯಿಂದ. ಹೆಸರೇ ಹೇಳುವಂತೆ ಸಲಹಾ ಅಭಿಪ್ರಾಯ ಯಾವ ದೇಶವನ್ನೂ ನೇರವಾಗಿ ಕಟ್ಟಿಹಾಕುವುದಿಲ್ಲ.

ಆದರೆ ಕಟ್ಟಿಹಾಕುವ ತೀರ್ಪಿಗೂ ಕೆಲಸವಾಗುವ ತೀರ್ಪಿಗೂ ಅಂತರವಿದೆ. ನರಗುಂದ, ನವಲಗುಂದದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು, ಅದರಲ್ಲಿ ಕಳಸಾ-ಬಂಡೂರಿ ಮೂಲಕ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ. 2020ರ ಫೆಬ್ರುವರಿಯಲ್ಲಿ ಅದು ಗೆಜೆಟ್‌ನಲ್ಲೂ ಪ್ರಕಟವಾಯಿತು. ಅಂತರರಾಜ್ಯ ನದಿನೀರು ವಿವಾದ ಕಾಯ್ದೆಯಂತೆ ಅಂತಹ ಐತೀರ್ಪಿಗೆ ಸುಪ್ರೀಂ ಕೋರ್ಟಿನ ಡಿಕ್ರಿಯಷ್ಟೇ ಬಲ. ಇಷ್ಟು ಬಲವಿದ್ದೂ ಅರಣ್ಯ, ವನ್ಯಜೀವಿ ಅನುಮತಿಗಳ ನಡುವೆ ಯೋಜನೆ ವರ್ಷಗಟ್ಟಲೆ ಸಿಕ್ಕಿಕೊಂಡಿತು.

ಇದಕ್ಕೆ ತಿರುವುಮುರುವಾದ ಉದಾಹರಣೆ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳದು. ಮಾರಿಷಸ್‌ನಿಂದ ಬೇರ್ಪಡಿಸಿ ಬ್ರಿಟನ್ ಇಟ್ಟುಕೊಂಡಿದ್ದ ಆ ದ್ವೀಪಗಳ ಆಡಳಿತವನ್ನು ಕೊನೆಗೊಳಿಸಬೇಕೆಂದು ಹೇಗ್ ನ್ಯಾಯಾಲಯ 2019ರ ಫೆಬ್ರುವರಿಯಲ್ಲಿ ಕೊಟ್ಟದ್ದೂ ಸಲಹಾ ಅಭಿಪ್ರಾಯವೇ. ತಾನು ಅದಕ್ಕೆ ಬದ್ಧವಲ್ಲವೆಂದು ಬ್ರಿಟನ್ ಹೇಳಿತು. 2021ರಲ್ಲಿ ಮಾರಿಷಸ್ ಮತ್ತು ಮಾಲ್ದೀವ್ಸ್ ನಡುವಿನ ಗಡಿ ಪ್ರಕರಣದಲ್ಲಿ ಹ್ಯಾಂಬರ್ಗ್‌ನ ನ್ಯಾಯಮಂಡಳಿ ಆ ಅಭಿಪ್ರಾಯಕ್ಕೆ ಕಾನೂನಿನ ಪರಿಣಾಮವಿದೆಯೆಂದು ಎಣಿಸಿಯೇ ಮುಂದುವರಿಯಿತು. ಕೊನೆಗೆ 2025ರ ಮೇ 22ರಂದು, ಡಿಯೆಗೊ ಗಾರ್ಸಿಯಾ ಸೇನಾನೆಲೆಯನ್ನು 99 ವರ್ಷಗಳ ಗುತ್ತಿಗೆಗೆ ಇರಿಸಿಕೊಂಡು ದ್ವೀಪಗಳ ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಿತು. ಸಲಹೆ ಕೆಲಸ ಮಾಡುವ ಬಗೆ ಇದು. ಕಾನೂನು ಏನೆಂಬ ವಾದ ಒಮ್ಮೆ ಮುಗಿದರೆ, ಮುಂದಿನ ಪ್ರತಿ ಮಾತುಕತೆಯಲ್ಲೂ ಒಂದು ಪಕ್ಷ ಬಲವಾದ ನೆಲೆಯಿಂದ ಮಾತಾಡುತ್ತದೆ.

ಹೊಗೆಯ ಹೊಣೆ ಮತ್ತು ಭಾರತದ ಇಕ್ಕಟ್ಟು

ಹವಾಮಾನದ ಹೊಣೆಯ ವಿಷಯದಲ್ಲಿ ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು: ಪ್ಯಾರಿಸ್ ಒಪ್ಪಂದದಂತಹ ಬರೆದ ಒಪ್ಪಂದಗಳಷ್ಟೇ ಅಲ್ಲದೆ, ರೂಢಿಯಿಂದ ಬಂದ ಅಂತರರಾಷ್ಟ್ರೀಯ ಕಾನೂನೂ ದೇಶಗಳ ಮೇಲೆ ಕರ್ತವ್ಯ ಹೊರಿಸುತ್ತದೆ. ಒಪ್ಪಂದದಿಂದ ಹೊರನಡೆದ ಮಾತ್ರಕ್ಕೆ ಯಾವ ದೇಶವೂ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. ಕರ್ತವ್ಯ ಮೀರಿದ ದೇಶ ಆ ನಡೆಯನ್ನು ನಿಲ್ಲಿಸಬೇಕು, ಹಾನಿಗೂ ಅದಕ್ಕೂ ಇರುವ ಸಂಬಂಧ ಸಾಬೀತಾದರೆ ಪರಿಹಾರವನ್ನೂ ಕೊಡಬೇಕಾದೀತು. ಕಲ್ಲಿದ್ದಲು, ತೈಲಕ್ಕೆ ಪರವಾನಗಿ ಮತ್ತು ಸಬ್ಸಿಡಿ ನೀಡುವುದೂ ಈ ತಕ್ಕಡಿಗೆ ಬರಬಹುದು.

2024ರ ಡಿಸೆಂಬರ್‌ನ ವಿಚಾರಣೆಯಲ್ಲಿ ಭಾರತ ಎಚ್ಚರಿಕೆಯ ಮಾತಾಡಿತ್ತು. ಈಗಿರುವ ಹವಾಮಾನ ಒಪ್ಪಂದಗಳನ್ನು ಮೀರಿ ಹೊಸ ಕರ್ತವ್ಯಗಳನ್ನು ಸೃಷ್ಟಿಸಬಾರದು, ಮೊದಲು ಹೊಗೆಯುಗುಳಿ ಸಿರಿವಂತವಾದ ದೇಶಗಳ ಹೊಣೆಯೇ ಹೆಚ್ಚು ಎಂಬುದು ಅದರ ವಾದ. ಇದರಲ್ಲಿ ನ್ಯಾಯವಿದೆ. ಭಾರತದ ತಲಾವಾರು ಹೊರಸೂಸುವಿಕೆ ಇಂದಿಗೂ ಜಗತ್ತಿನ ಸರಾಸರಿಗಿಂತ ಕಡಿಮೆ. ಆದರೆ ಒಟ್ಟು ಲೆಕ್ಕದಲ್ಲಿ ಚೀನಾ, ಅಮೆರಿಕದ ನಂತರದ ಸ್ಥಾನ ಭಾರತದ್ದೇ. ಮುಳುಗುವ ದ್ವೀಪಗಳನ್ನು ಹೊಂದಿರುವ ದೇಶವೂ ಅದೇ. ಹೊಗೆಯ ವಿಷಯದಲ್ಲಿ ಭಾರತ ಹಿಂಜರಿದರೂ, ಗಡಿಯ ವಿಷಯದಲ್ಲಿ ದ್ವೀಪ ದೇಶಗಳ ಪಕ್ಕದಲ್ಲಿ ಬಹಿರಂಗವಾಗಿ ನಿಲ್ಲಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ, ನಿಲ್ಲಬೇಕು ಕೂಡ.

ನೆಲದ ಜೊತೆ ಜನರೂ ಹೋದರೆ

ಒಂದು ದೇಶಕ್ಕೆ ಇರಬೇಕಾದ ಲಕ್ಷಣಗಳನ್ನು 1933ರ ಮಾಂಟೆವಿಡಿಯೊ ಒಪ್ಪಂದ ನಾಲ್ಕಾಗಿ ಎಣಿಸಿತ್ತು: ಶಾಶ್ವತ ಜನವಸತಿ, ಗೊತ್ತಾದ ನೆಲ, ಸರ್ಕಾರ, ಬೇರೆ ದೇಶಗಳೊಡನೆ ವ್ಯವಹರಿಸುವ ಶಕ್ತಿ. ತುವಾಲು 2023ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ, ಹವಾಮಾನ ಬದಲಾವಣೆಯಿಂದ ನೆಲ ಕಳೆದುಕೊಂಡರೂ ತಾನು ಶಾಶ್ವತವಾಗಿ ದೇಶವೆಂದು ಬರೆದುಕೊಂಡಿತು. ಅದೇ ವರ್ಷ ಆಸ್ಟ್ರೇಲಿಯಾದೊಂದಿಗೆ ಫಲೆಪಿಲಿ ಒಪ್ಪಂದಕ್ಕೆ ಸಹಿ ಹಾಕಿತು. 2024ರ ಆಗಸ್ಟ್‌ನಲ್ಲಿ ಜಾರಿಯಾದ ಆ ಒಪ್ಪಂದದಲ್ಲಿ ತುವಾಲುವಿನ ದೇಶತ್ವ ಮುಂದುವರಿಯುತ್ತದೆಂದು ಆಸ್ಟ್ರೇಲಿಯಾ ಒಪ್ಪಿದೆ. ಜೊತೆಗೆ ವರ್ಷಕ್ಕೆ 280 ಮಂದಿಗೆ ತನ್ನಲ್ಲಿ ನೆಲೆಸಲು ಅವಕಾಶ ಕೊಟ್ಟಿದೆ. 2025ರಲ್ಲಿ ಮೊದಲ ಬಾರಿಗೆ ಅರ್ಜಿ ಕರೆದಾಗ ಸಾವಿರಾರು ಜನ ಹೆಸರು ನೋಂದಾಯಿಸಿದರು.

ಸುಮಾರು 11 ಸಾವಿರ ಜನರ ಆ ದೇಶದಿಂದ ವರ್ಷಕ್ಕೆ 280 ಮಂದಿಯಂತೆ ಹೊರಟು ಯಾರೂ ಮರಳದಿದ್ದರೆ, ಬರೀ ಲೆಕ್ಕದ ಪ್ರಕಾರ ನಲವತ್ತು ವರ್ಷಗಳಲ್ಲಿ ಊರು ಖಾಲಿಯಾಗುತ್ತದೆ. ಆಗ ಹೋಗುವುದು ಒಂದು ಲಕ್ಷಣವಲ್ಲ, ನೆಲ ಮತ್ತು ಜನ ಎರಡೂ. ಒಂದು ಅಂಶ ಇಲ್ಲವಾದರೆ ದೇಶ ಅಳಿಯಬೇಕಿಲ್ಲವೆಂದು ಹೇಗ್ ನ್ಯಾಯಾಲಯ ಹೇಳಿದೆ. ಎರಡು ಅಂಶಗಳು ಒಟ್ಟಿಗೆ ಹೋದರೆ ಆ ಏಳು ಲಕ್ಷ ಚದರ ಕಿಲೋಮೀಟರ್ ನೀರಿನ ಪರವಾನಗಿ ಶುಲ್ಕವನ್ನು ಯಾವ ಊರಿನಲ್ಲಿ ಕುಳಿತ ಸರ್ಕಾರ, ಯಾರ ಪರವಾಗಿ ವಸೂಲಿ ಮಾಡಬೇಕೆಂಬುದಕ್ಕೆ ಆ ಅಭಿಪ್ರಾಯದಲ್ಲಿ ಉತ್ತರವಿಲ್ಲ.